ಹಳೇ ಸ್ಲಾಬ್ ಮನೆ ಕೆಡವಿ ಹೊಸ ಮನೆ ಕಟ್ಟೋರಿಗೆ: ನಮ್ಮ ಕೊಡಗಿನ ಮಳೆ ಲೆಕ್ಕದಲ್ಲಿ

ಸಿಮೆಂಟ್ ಕಂಬ ನೆಟ್ಟು ಅದರ ಸಂದಿಗೆ ರೆಡಿಮೇಡ್ ಸ್ಲಾಬ್ ಇಳಿಸಿ ಮೇಲೆ ಶೀಟ್ ಹಾಕಿದ ಮನೆ ನಮ್ದೂ ಇತ್ತು. ಶುರುವಲ್ಲಿ ಚೆನ್ನಾಗೇ ಇರುತ್ತೆ, ಆಮೇಲೆ ಕಂಬದೊಳಗಿನ ಕಂಬಿ ತುಕ್ಕು ಹಿಡಿದು ಉಬ್ಬುತ್ತೆ, ಸಿಮೆಂಟ್ ಸಿಪ್ಪೆ ಥರ ಉದುರುತ್ತೆ, ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಜಡಿಮಳೆ ಕಾಲ) ಜಾಯಿಂಟಿಂದ ನೀರು ಒಳಗೇ ಬರುತ್ತೆ. ಕಂಬ ಹಾಗೆ ಬಿರುಕು ಬಿಟ್ಟ ಮೇಲೆ ಅದಕ್ಕೆ ಪ್ಲಾಸ್ಟರ್ ಮೆತ್ತೋದು ದುಡ್ಡು ದಂಡ ಅಷ್ಟೇ.

ಮೊದಲು ಪೇಪರ್. ಗುದ್ದಲಿ ಆಮೇಲೆ. ಜಾಗ ಯಾರ ಹೆಸರಲ್ಲಿದೆ, ಹಕ್ಕುಪತ್ರ ಇದೆಯಾ, ಪಂಚಾಯ್ತಿ ಇ-ಸ್ವತ್ತು (ಕಂಪ್ಯೂಟರ್ ಆಸ್ತಿ ದಾಖಲೆ) ಆಗಿದೆಯಾ ನೋಡ್ಕೊಳ್ಳಿ, ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಿಡುವಳಿ) ಅಥವಾ ಪೈಸಾರಿ (ಸರ್ಕಾರಿ ಜಾಗ) ಆದ್ರೆ ಇದೇ ದೊಡ್ಡ ತಲೆನೋವು, ವರ್ಷ ಹಿಡಿದ್ರೂ ಹಿಡೀತು. ಬಸವ ವಸತಿ, ಅಂಬೇಡ್ಕರ್ ನಿವಾಸ್, ಪಿಎಂ ಆವಾಸ್ ಯಾವುದೇ ಸರ್ಕಾರಿ ವಸತಿ ಯೋಜನೆ ಇರಲಿ ಹೆಸರು ಗ್ರಾಮ ಸಭೆಯಿಂದ ಹೋಗ್ಬೇಕು, ಹಾಗಾಗಿ ಗ್ರಾಮ ಸಭೆ ದಿನ ತೋಟದ ಕೆಲಸ ಬಿಟ್ಟಾದ್ರೂ ಹೋಗಿ ಕೂತ್ಕೊಳ್ಳಿ. ಪಿಎಂ ಆವಾಸ್ ಗ್ರಾಮೀಣದಲ್ಲಿ ಬಯಲುಸೀಮೆಗೆ 1.20 ಲಕ್ಷ, ಗುಡ್ಡಗಾಡು ಅಂತ ಗುರುತಿಸಿದ ಕಡೆ 1.30 ಲಕ್ಷ, ಶೌಚಾಲಯದ 12,000 ಬೇರೆ. ಈ ದುಡ್ಡಲ್ಲಿ ಪೂರ್ತಿ ಮನೆ ಏಳಲ್ಲ, ಅದು ಎಲ್ರಿಗೂ ಗೊತ್ತು, ಅದೂ ಕೂಡ ಹಂತಹಂತವಾಗಿ ಬರೋದು, ಅಂದ್ರೆ ಆಯಾ ಹಂತದ ಕೆಲಸ ಮುಗಿಸಿ ಫೋಟೋ ಅಪ್‌ಲೋಡ್ ಆದ ಮೇಲೆ. ಕೈಯಲ್ಲಿ ಸ್ವಲ್ಪ ಇಟ್ಕೊಂಡೇ ಇಳೀಬೇಕು.

ನಾನು ಮಾಡಿದ ತಪ್ಪು ಹೇಳ್ತೀನಿ. ಮನೆ ಮಂಜೂರಾತಿ ಆದೇಶ ಕೈಗೆ ಬರೋ ಮೊದ್ಲೇ, ಹೇಗೂ ಬರುತ್ತಲ್ಲ ಅಂತ ಹಳೇ ಮನೆ ಒಂದು ಮಗ್ಗುಲು ಬಿಚ್ಚಿಬಿಟ್ಟೆ. ಹಳೇ ಮನೆ ಫೋಟೋ ಎಲ್ಲಿ ಅಂತ ಪಂಚಾಯ್ತಿಯವರು ಕೇಳಿದ್ರು, ಅಲೆದಾಟ ಶುರುವಾಯ್ತು. ಅವರು ಜಿಪಿಎಸ್ ಫೋಟೋ (ಜಾಗದ ಗುರುತು ಇರೋ ಫೋಟೋ) ತೆಗೆಯೋ ತನಕ ಒಂದು ಶೀಟ್ ಕೂಡ ಮುಟ್ಬೇಡಿ.

ಕೆಲಸ ಶುರು ಪುತ್ತರಿ (ನವೆಂಬರ್-ಡಿಸೆಂಬರ್‌ನ ಸುಗ್ಗಿ ಹಬ್ಬ) ಮುಗಿದ ತಕ್ಷಣ, ರೂಫ್ ಮೇ ಮೊದಲ ವಾರದೊಳಗೆ, ನಡುವೆ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಂದ್ರೆ ಎರಡು ದಿನ ಹೋಗುತ್ತೆ, ಪರವಾಗಿಲ್ಲ ಗೋಡೆ ಕ್ಯೂರಿಂಗ್ ಆಯ್ತು ಅನ್ಕೊಳ್ಳಿ. ಅಸಲಿ ಸಮಸ್ಯೆ ಆಳು. ಅದೇ ಟೈಮಲ್ಲಿ ಕಾಫಿ ಕುಯ್ಲು, ಅರೇಬಿಕಾ ಮುಗೀತು ಅನ್ನೋಷ್ಟರಲ್ಲಿ ರೋಬಸ್ಟಾ, ಹೆಲ್ಪರ್‌ಗಳೆಲ್ಲ ತೋಟದಲ್ಲಿರ್ತಾರೆ. ಮೇಸ್ತ್ರಿಗೆ ಕೈಲ್‌ಪೋಳ್ದ್ (ಸೆಪ್ಟೆಂಬರ್‌ನ ಆಯುಧ ಹಬ್ಬ) ಹೊತ್ತಿಗೇ ಅಡ್ವಾನ್ಸ್ ಕೊಟ್ಟು ಹಿಡಿದಿಟ್ಕೊಳ್ಳಿ.

ಜಾಗ ಇದ್ರೆ ಹಳೇ ಮನೇಲೇ ಇದ್ಕೊಂಡು ಪಕ್ಕದಲ್ಲಿ ಕಟ್ಟೋದು ಒಳ್ಳೇದು, ಬಾಡಿಗೆ ಉಳಿಯುತ್ತೆ. ಆದ್ರೆ ಜಾಗ ಸಾಲಲ್ಲ ಅಂತ ಜೆಸಿಬಿ ತಂದು ಹಿಂದಿನ ಬರೆ (ಮಣ್ಣಿನ ದಿಬ್ಬ) ನೆಟ್ಟಗೆ ಕಡೀಬೇಡಿ, 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಬರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಗೋಡೆ ಇರಲಿ ಅನ್ನೋದು ನನ್ನ ಲೆಕ್ಕ, ಬರೆಯ ಮೇಲ್ಗಡೆ ಒಂದು ಚರಂಡಿ, ಮನೆ ಸುತ್ತ ಇನ್ನೊಂದು.

ಪಿಎಂ ಆವಾಸ್‌ಗೆ ಕನಿಷ್ಠ 25 ಚದರ ಮೀಟರ್, ಅಂದ್ರೆ ಸುಮಾರು 270 ಚದರ ಅಡಿ, ಅಡುಗೆಮನೆ ಸೇರಿಸಿ. ಅಷ್ಟಕ್ಕೆ ಪಿಲ್ಲರ್ ಹುಚ್ಚು ಬೇಡ. ಗಟ್ಟಿ ಮಣ್ಣು ಸಿಗೋ ತನಕ ತೆಗೆದು ಸೈಜುಗಲ್ಲಿನ ಪಾಯ, ಮೇಲೆ ಕಾಂಕ್ರೀಟ್ ಬೆಲ್ಟ್, ಜಂಬಿಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್ ಗೋಡೆ, ಲಿಂಟಲ್ ಮಟ್ಟದಲ್ಲಿ (ಬಾಗಿಲು-ಕಿಟಕಿ ಮೇಲೆ) ಸುತ್ತಲೂ ಇನ್ನೊಂದು ಬೆಲ್ಟ್. ಇದರಲ್ಲಿ ಮಾತ್ರ ದುಡ್ಡು ಉಳಿಸೋಕೆ ಹೋಗ್ಬೇಡಿ. ಉಳಿಸ್ಬೇಕು ಅಂದ್ರೆ ಟೈಲ್ಸಲ್ಲಿ ಉಳಿಸಿ, ಪೇಂಟಲ್ಲಿ ಉಳಿಸಿ, ರೆಡ್ ಆಕ್ಸೈಡ್ ನೆಲ ತಣ್ಣಗೂ ಇರುತ್ತೆ. ಚಪ್ಪಟೆ ಆರ್‌ಸಿಸಿ (ಕಂಬಿ ಕಾಂಕ್ರೀಟ್) ತಾರಸಿ ನಮ್ಮ ಮಳೆಗೆ ಸೋರುತ್ತೆ, ಆಮೇಲೆ ಅದರ ಮೇಲೂ ಶೀಟ್ ಹಾಕಿಸ್ತೀರ, ಅದರ ಬದಲು ಮೊದ್ಲೇ ಇಳಿಜಾರು ಕೊಟ್ಟು ಹೆಂಚು ಹಾಕಿ, ಸೂರು ಎರಡೂವರೆ ಅಡಿ ಆಚೆ ಬರಲಿ.

ಹಳೇದು ಬಿಚ್ಚೋವಾಗ ಆಸ್ಬೆಸ್ಟಸ್ ಶೀಟ್ ಆದ್ರೆ ಸುತ್ತಿಗೆಯಲ್ಲಿ ಒಡೀಬೇಡಿ, ಆ ಪುಡಿ ಶ್ವಾಸಕೋಶಕ್ಕೆ ಹೋದ್ರೆ ಮುಗೀತು. ನೀರು ಹಾಕಿ ನೆನೆಸಿ, ಬೋಲ್ಟ್ ಬಿಚ್ಚಿ ಇಡಿಯಾಗಿ ಇಳಿಸಿ, ಒಳ್ಳೇ ಮಾಸ್ಕ್ ಹಾಕಿ, ಮಕ್ಕಳನ್ನ ದೂರ ಕಳಿಸಿ, ಪ್ಲಾಸ್ಟಿಕ್ಕಲ್ಲಿ ಸುತ್ತಿಟ್ಟು ಎಲ್ಲಿಗೆ ಹಾಕೋದು ಅಂತ ಪಂಚಾಯ್ತಿಲಿ ಕೇಳಿ, ತೋಡಿಗೆ (ಹಳ್ಳಕ್ಕೆ) ಎಸೀಬೇಡಿ. ಚೆನ್ನಾಗಿರೋ ಸಿಮೆಂಟ್ ಸ್ಲಾಬ್ ಮಾತ್ರ ಬಿಸಾಡ್ಬೇಡಿ, ಚರಂಡಿ ಮೇಲೆ ಮುಚ್ಚೋಕೆ, ಅಂಗಳದ ದಾರಿಗೆ ಬರುತ್ತೆ, ನಮ್ದು ಆರು ಸ್ಲಾಬ್ ಈಗ ಹಂದಿ ಗೂಡಿನ ನೆಲ.