ಕ್ಯಾಶುವಾಲ್ಟಿಯಲ್ಲಿ ಸಂಶೋಧನೆ ಮಾಡುವುದು ಹೇಗೆ?

ತುರ್ತು ಚಿಕಿತ್ಸಾ ವಿಭಾಗದಲ್ಲಿ ಸಂಶೋಧನೆಗೆ ಇಳಿಯುವ ಯುವ ವೈದ್ಯರು ಮೊದಲೇ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ನಿಮ್ಮ ಫಾರಂ ತುಂಬಿಸುವ ಸಲುವಾಗಿ ಯಾರ ಚಿಕಿತ್ಸೆಯೂ ಒಂದು ನಿಮಿಷ ತಡವಾಗಬಾರದು. ಹಾವು ಕಡಿತವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಕರ್ನಾಟಕ ಸರ್ಕಾರ 2024ರಲ್ಲಿ ಇದನ್ನು ಆಸ್ಪತ್ರೆಗಳು ವರದಿ ಮಾಡಲೇಬೇಕಾದ ಪ್ರಕರಣವೆಂದು ಘೋಷಿಸಿದೆ.

ಪ್ರಶ್ನೆ ಚಿಕ್ಕದಿರಲಿ

‘ಹಾವು ಕಡಿತದ ಅಧ್ಯಯನ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಕೊಳಕುಮಂಡಲ ಕಚ್ಚಿ, ತಡವಾಗಿ ಬಂದವರಿಗೆ ಕಿಡ್ನಿ ತೊಂದರೆ ಜಾಸ್ತಿಯೇ?’ ಎಂದು ಕೇಳಿ. ಆಗ ಏನು ಬರೆದುಕೊಳ್ಳಬೇಕು ಅನ್ನುವುದು ತಾನಾಗಿ ತಿಳಿಯುತ್ತದೆ. ಎಷ್ಟು ರೋಗಿಗಳು ಬೇಕು ಎಂದು ಸಂಖ್ಯಾಶಾಸ್ತ್ರ ಬಲ್ಲವರನ್ನು ಈಗಲೇ ಕೇಳಿ, ಕೊನೆಗಲ್ಲ.

ಮೊದಲು ಅನುಮತಿ

ಸಂಶೋಧನೆ ರೋಗಿಗಳಿಗೆ ನ್ಯಾಯವಾಗಿದೆಯೇ ಎಂದು ನೋಡುವ ಎಥಿಕ್ಸ್ ಕಮಿಟಿ ಒಪ್ಪುವವರೆಗೆ ಒಬ್ಬ ರೋಗಿಯ ಮಾಹಿತಿಯನ್ನೂ ಸಂಗ್ರಹಿಸಬೇಡಿ. ಔಷಧಿ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮೊದಲೇ ದೇಶದ ವೈದ್ಯಕೀಯ ಪ್ರಯೋಗಗಳ ನೋಂದಣಿ ಪಟ್ಟಿಯಾದ ಸಿಟಿಆರ್‌ಐನಲ್ಲಿ ನೋಂದಣಿ ಆಗಿರಬೇಕು.

ಒಪ್ಪಿಗೆ ಕೇಳುವ ಹೊತ್ತು

ಇಲ್ಲಿ ಅವಸರ ಬೇಡ. ಹೆದರಿ ನಡುಗುತ್ತಿರುವವರು ‘ಡಾಕ್ಟ್ರು ಹೇಳಿದ್ಮೇಲೆ ಸರಿ’ ಅಂತ ಎಲ್ಲಿ ಬೇಕಾದರೂ ಹೆಬ್ಬೆಟ್ಟು ಒತ್ತುತ್ತಾರೆ. ಅದು ಒಪ್ಪಿಗೆ ಅಲ್ಲ. ಸಾಧ್ಯವಾದರೆ ಚಿಕಿತ್ಸೆ ಕೊಡುವವರನ್ನು ಬಿಟ್ಟು ಬೇರೆಯವರು ಕೇಳಲಿ. ಕನ್ನಡವೋ ತುಳುವೋ ಉರ್ದುವೋ, ಅವರ ಮನೆಮಾತಿನಲ್ಲೇ ಕೇಳಲಿ. ‘ನೀವು ಬೇಡ ಅಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆ ಆಗುವುದಿಲ್ಲ’ ಎಂಬ ಮಾತನ್ನು ಬಾಯಿ ಬಿಟ್ಟು ಹೇಳಬೇಕು. ಓದಲು ಬಾರದವರಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿ ಬೇಕು. ಪ್ರಜ್ಞೆ ಇಲ್ಲದಿದ್ದರೆ ಕಾನೂನು ಒಪ್ಪುವ ಹತ್ತಿರದವರನ್ನು ಕೇಳಬೇಕು. ಎಚ್ಚರವಾದ ಮೇಲೆ ರೋಗಿಯನ್ನೇ ಮತ್ತೆ ಕೇಳಬೇಕು. ಅವರು ಬೇಡ ಎಂದರೆ ಅಲ್ಲಿಗೆ ಮುಗಿಯಿತು.

ಒಂದು ಪುಟದ ಫಾರಂ

ಅಪಘಾತದ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಔಷಧಿ ಕೊಟ್ಟು ನೋಡಿದ ಕ್ರ್ಯಾಶ್-2 ಪ್ರಯೋಗದ ಫಲಿತಾಂಶ 2010ರಲ್ಲಿ ಬಂತು. 40 ದೇಶಗಳ 274 ಆಸ್ಪತ್ರೆಗಳಿಂದ 20 ಸಾವಿರಕ್ಕೂ ಹೆಚ್ಚು ರೋಗಿಗಳು ಸೇರಿದ್ದರು. ಫಲಿತಾಂಶದ ಫಾರಂ ಮಾತ್ರ ಒಂದೇ ಪುಟ. ಹೆಚ್ಚುವರಿ ಟೆಸ್ಟ್ ಏನೂ ಇರಲಿಲ್ಲ. ದಟ್ಟಣೆಯ ಜಾಗದಲ್ಲಿ ಕೆಲಸ ನಡೆಯುವುದು ಹೀಗೇ.

ಕಚ್ಚಿದ ಹೊತ್ತು, ಬಂದ ಹೊತ್ತು, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ) ಶುರುವಾದ ಹೊತ್ತು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ): ಇಷ್ಟನ್ನು ಸರಿಯಾಗಿ ಬರೆದರೆ ಅರ್ಧ ಕೆಲಸ ಆಯಿತು. ಹೊತ್ತು ನೋಡಲು ಎಲ್ಲರೂ ಒಂದೇ ಗೋಡೆ ಗಡಿಯಾರ ಬಳಸಲಿ. ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆಯನ್ನು ಪ್ರತಿ ಶಿಫ್ಟಿನವರೂ ಒಂದೇ ರೀತಿ ಮಾಡಲಿ. ಹೊಸ, ಒಣಗಿದ ಗಾಜಿನ ಟ್ಯೂಬೇ ಬೇಕು. ಸೋಪಿನಲ್ಲಿ ತೊಳೆದದ್ದೋ ಪ್ಲಾಸ್ಟಿಕ್‌ನದ್ದೋ ಆದರೆ ಫಲಿತಾಂಶ ದಾರಿ ತಪ್ಪಿಸುತ್ತದೆ. 20 ನಿಮಿಷ ಟ್ಯೂಬನ್ನು ಅಲುಗಾಡಿಸಬಾರದು.

ರಾತ್ರಿ ಪಾಳಿ

ತುಂಬ ಅಧ್ಯಯನಗಳು ಸೋಲುವುದು ಇಲ್ಲಿ. ಮಾಹಿತಿ ಬರೆಯುವವರು ಸಂಜೆ ಐದಕ್ಕೆ ಮನೆಗೆ ಹೋದರೆ, ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿಸಿಕೊಂಡವರು ನಿಮ್ಮ ಲೆಕ್ಕಕ್ಕೇ ಬರುವುದಿಲ್ಲ. ಇಡೀ ದಿನ ಆಗದಿದ್ದರೆ ಯಾವ ಪಾಳಿ ಅನ್ನುವುದನ್ನು ಚೀಟಿ ಎತ್ತಿ ಆರಿಸಿ. ಬಿಟ್ಟುಹೋದವರು ಎಷ್ಟು, ಯಾಕೆ ಎಂದು ಒಂದು ಪುಸ್ತಕದಲ್ಲಿ ಬರೆದಿಡಿ. ರಾತ್ರಿ ನಿಮ್ಮ ಕೆಲಸವನ್ನು ಹೊರುವವರು ಸಿಸ್ಟರ್‌ಗಳು. ಫಾರಂ ತಯಾರಿಸುವಾಗಲೇ ಅವರನ್ನು ಕೂರಿಸಿಕೊಳ್ಳಿ, ವರದಿಯಲ್ಲಿ ಅವರ ಹೆಸರೂ ಹಾಕಿ.

ಮನೆಗೆ ಹೋದ ಮೇಲೆ

ಎರಡು ಫೋನ್ ನಂಬರ್ ತೆಗೆದುಕೊಳ್ಳಿ, ಒಂದು ಸಂಬಂಧಿಕರದ್ದು. ದೊಡ್ಡಾಸ್ಪತ್ರೆಗೆ ಕಳಿಸಿದವರು, ವೈದ್ಯರ ಮಾತು ಮೀರಿ ಮನೆಗೆ ಹೋದವರು ಏನಾದರು ಎಂದು ವಿಚಾರಿಸಿ. ಅವರನ್ನು ಬಿಟ್ಟು ಲೆಕ್ಕ ಹಾಕಿದರೆ ನಿಮ್ಮ ಆಸ್ಪತ್ರೆಯ ಫಲಿತಾಂಶ ಇದ್ದದ್ದಕ್ಕಿಂತ ಚೆನ್ನಾಗಿ ಕಾಣಬಹುದು.