ಹೂಂ ಅನ್ನುವ ಮುಂಚೆ

ಮದುವೆಗೆ ಒಪ್ಪುವ ಮುಂಚೆ ನಾನು ನಾಲ್ಕು ಹುಡುಗರನ್ನು ಭೇಟಿಯಾದೆ. ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತಿನ ಮುಂದೆ ಕೂತು ಯಾರೂ ಮನಸ್ಸು ಬಿಚ್ಚುವುದಿಲ್ಲ, ಅಲ್ವಾ? ಹೊರಗೆ ಸಿಗಿ. ಮೈಸೂರಿನಲ್ಲಾದರೆ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆಯುತ್ತಾ ಮಾತಾಡಿ. ಒಂದೇ ಭೇಟಿ ಸಾಲದು, ಮೂರಾದರೂ ಬೇಕು. ಮೊದಲ ಸಲ ಎಲ್ಲರೂ ಒಳ್ಳೆಯವರೇ.

ಸಾಲ ಎಷ್ಟಿದೆ, ಅಡುಗೆ ಯಾರು ಮಾಡುವುದು, ಮಗು ಬೇಕಾ, ನನ್ನ ಅಮ್ಮನಿಗೆ ಹುಷಾರಿಲ್ಲದಿದ್ದರೆ ಏನು ಮಾಡೋಣ? ಇವನ್ನು ನೇರವಾಗಿ ಕೇಳಿ. ಕೊನೆಯದಕ್ಕೆ ಒಬ್ಬರು ಮಾತ್ರ ತಕ್ಷಣ, ‘ಇಲ್ಲಿಗೇ ಕರೆದುಕೊಂಡು ಬರೋಣ’ ಎಂದರು. ನನಗೆ ಕಣ್ಣು ತುಂಬಿತು.

ಬೇಡ ಅನಿಸಿದವರಿಗೆ ಅದೇ ವಾರ ಹೇಳಿಬಿಡಿ. ಸುಮ್ನೆ ಕಾಯಿಸಬೇಡಿ, ಅವರಿಗೂ ನೋವಾಗುತ್ತದೆ. ಜಾತಿ, ಧರ್ಮ ಬೇರೆಯಾದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ನೋಟಿಸ್ ಕೊಟ್ಟು 30 ದಿನ ಕಾಯಬೇಕು.