ಫೋಟೋ ಎಡಿಟಿಂಗ್ ನೀವೇ ಕಲೀಬೇಕಂದ್ರೆ ಫಿಲ್ಟರಿಂದ ಶುರು ಮಾಡ್ಬೇಡಿ

ಎಡಿಟಿಂಗ್‌ಗೆ ಯಾವ ಕೋರ್ಸ್ ಸೇರ್ಲಿ ಅಂತ ತುಂಬಾ ಜನ ಕೇಳ್ತಿರ್ತೀರಲ್ಲ, ದುಡ್ಡು ಕಟ್ಟೋ ಮುಂಚೆ ಇದನ್ನ ಮಾಡಿ ನೋಡಿ. ಫೋನಲ್ಲಾದ್ರೆ ಸ್ನ್ಯಾಪ್‌ಸೀಡ್ ಸಾಕು, ಫ್ರೀ. ಕಂಪ್ಯೂಟರ್ ಇದ್ರೆ ಗಿಂಪ್ ಹಾಕ್ಕೊಳ್ಳಿ, 1996ರಿಂದ ಇರೋ ಸಾಫ್ಟ್‌ವೇರ್, ಅದೂ ಫ್ರೀನೇ. ಇನ್‌ಸ್ಟಾಲ್ ಮಾಡೋ ರಗಳೆ ಬೇಡ ಅಂದ್ರೆ ಫೋಟೋಪಿಯಾ ಬ್ರೌಸರಲ್ಲೇ ಓಡುತ್ತೆ.

ಮೊದ್ಲು ಹಿಸ್ಟೋಗ್ರಾಮ್ ಓದೋದು ಕಲೀರಿ, ಅಂದ್ರೆ ಫೋಟೋದಲ್ಲಿ ಕಪ್ಪಿಂದ ಬಿಳಿವರೆಗೆ ಯಾವ್ದು ಎಷ್ಟಿದೆ ಅಂತ ಗುಡ್ಡದ ಥರ ತೋರಿಸೋ ಗ್ರಾಫ್. ಎಡಗಡೆ ಕಪ್ಪು, ಬಲಗಡೆ ಬಿಳಿ, ಗುಡ್ಡ ಪೂರ್ತಿ ಬಲಗಡೆ ಅಂಚಿಗೆ ಒತ್ಕೊಂಡು ನಿಂತಿದೆ ಅಂದ್ರೆ ಮದ್ವೆ ಫೋಟೋದಲ್ಲಿ ಹುಡುಗನ ಬಿಳಿ ಪಂಚೆ ನೆರಿಗೆ ಎಲ್ಲ ಹೋಯ್ತು ಅಂತ್ಲೇ ಲೆಕ್ಕ, ಜೆಪೆಗ್‌ನಲ್ಲಿ (ಮಾಮೂಲಿ .jpg ಫೋಟೋ ಫೈಲು) ಯಾವ ಸ್ಲೈಡರ್ ಎಳೆದ್ರೂ ಅದು ವಾಪಸ್ ಬರಲ್ಲ. ಜೆಪೆಗ್ ಒಂದೊಂದು ಬಣ್ಣದ ಚಾನಲ್‌ಗೆ 256 ಹಂತ ಅಷ್ಟೇ ಇಟ್ಕೊಳ್ಳುತ್ತೆ, 14 ಬಿಟ್ ರಾ ಫೈಲಲ್ಲಿ (ಕ್ಯಾಮೆರಾ ಸೆನ್ಸರ್ ಹಿಡಿದಿದ್ದನ್ನ ಹೆಚ್ಚುಕಮ್ಮಿ ಹಂಗೇ ಇಟ್ಕೊಳ್ಳೋ ಫೈಲು) 16,384 ಇರುತ್ತೆ, ಅದಕ್ಕೇ ಕ್ಯಾಮೆರಾ ಇರೋರು ರಾನಲ್ಲೇ ತೆಗೀರಿ.

ಆಮೇಲೆ ಕರ್ವ್ಸ್, ಅಂದ್ರೆ ಒಂದು ಓರೆ ಗೆರೆ ಬಗ್ಗಿಸಿ ಫೋಟೋದ ಬೆಳಕು-ಕತ್ತಲು ತಿದ್ದೋ ಟೂಲ್. ಗೆರೆಯ ಮೇಲಿನ ಭಾಗ ಚೂರು ಎತ್ತಿ ಕೆಳಗಿಂದು ಚೂರು ಇಳಿಸಿ, ಕಾಂಟ್ರಾಸ್ಟ್ ಹೆಂಗೆ ಬರುತ್ತೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಇದೊಂದು ಕೈಗೆ ಹತ್ತಿದ್ರೆ ಅರ್ಧ ಫಿಲ್ಟರ್ ಬೇಕಾಗೋದೇ ಇಲ್ಲ.

ಲೇಯರ್ ಅಂದ್ರೆ ಫೋಟೋ ಮೇಲೆ ಒಂದರ ಮೇಲೊಂದು ಇಡೋ ಪದರ, ಅದರಲ್ಲಿ ಎಲ್ಲಿ ಕಾಣ್ಬೇಕು ಎಲ್ಲಿ ಬೇಡ ಅಂತ ಹೇಳೋದು ಮಾಸ್ಕ್. ಈ ಲೇಯರ್ ಮಾಸ್ಕ್‌ಗೆ ಜನ ಸುಮ್ನೆ ಹೆದರ್ತಾರೆ. ಕಪ್ಪು ಬಳಿದ್ರೆ ಆ ಲೇಯರ್ ಮರೆಯಾಗುತ್ತೆ, ಬಿಳಿ ಬಳಿದ್ರೆ ಕಾಣುತ್ತೆ, ಅಷ್ಟೇ ರೀ. ಎರೇಸರ್ ಮುಟ್ಬೇಡಿ, ಮಾಸ್ಕ್ ಆದ್ರೆ ಯಾವಾಗ್ಲಾದ್ರೂ ಸರಿಮಾಡ್ಬೋದು.

ಮುಖಕ್ಕೆ ಸ್ಮೂತಿಂಗ್ ಜಾಸ್ತಿ ಹಾಕೋರಿಗೆ ಒಂದು ಮಾತು, ಅಜ್ಜಿ ಸುಕ್ಕು ಹಂಗೇ ಇರ್ಲಿ ಬಿಡಿ. ಎಡಿಟ್ ಮಾಡಿದ್ದನ್ನ ಅವತ್ತೇ ಹಾಕ್ದೆ ಮಾರನೇ ದಿನ ಒರಿಜಿನಲ್ ಪಕ್ಕ ಇಟ್ಟು ನೋಡಿ, ಮುಕ್ಕಾಲು ಪಾಲು ಸಲ ಸ್ಯಾಚುರೇಷನ್ (ಬಣ್ಣದ ಗಾಢತೆ) ಇಳಿಸ್ತೀರ.